ಬಂಗಾರದ ಮೊಲದ ಬೆನ್ನು ಹತ್ತಿ

ಇಂಗ್ಲೆಂಡಿನ ಚಿತ್ರಕಾರ ಕಿಟ್ ವಿಲಿಯಮ್ಸ್ 1979ರಲ್ಲಿ ಬಂಗಾರದ ಮೊಲವೊಂದನ್ನು ತಯಾರಿಸಿ ನೆಲದಲ್ಲಿ ಹೂತಿಟ್ಟರು. ಜಾಗದ ಸುಳಿವು ಅವರದೇ ‘ಮಾಸ್ಕರೇಡ್’ ಪುಸ್ತಕದ 15 ಚಿತ್ರಗಳಲ್ಲಿತ್ತು. ಜನ ಗುದ್ದಲಿ ಹಿಡಿದು ಕಂಡಕಂಡಲ್ಲಿ ಅಗೆದರು.

ಗುಟ್ಟು ಕೇಳಿದ ಮೇಲೆ ಸರಳ. ಚಿತ್ರದಲ್ಲಿರುವ ಜೀವಿಗಳ ಕಣ್ಣಿನಿಂದ ಉದ್ದನೆಯ ಬೆರಳಿನ ಮೂಲಕ ಗೆರೆ ಎಳೆದರೆ ಅದು ಅಂಚಿನ ಅಕ್ಷರ ಮುಟ್ಟುತ್ತದೆ. ಹೀಗೆ ಅಕ್ಷರ ಕೂಡಿಸಿದ ಇಬ್ಬರು ಭೌತಶಾಸ್ತ್ರದ ಮೇಷ್ಟರು 1982ರಲ್ಲಿ ಆಂಪ್ಟ್‌ಹಿಲ್ ಉದ್ಯಾನದಲ್ಲಿ ಅಗೆದರು. ಮೊಲವಿದ್ದದ್ದು ಸುಟ್ಟ ಮಣ್ಣಿನ ಕರಂಡಕದೊಳಗೆ. ಅದು ಅವರ ಕಣ್ಣಿಗೆ ಬೀಳಲಿಲ್ಲ.

ಅಷ್ಟರಲ್ಲಿ ಒರಟು ನಕ್ಷೆಯೊಂದನ್ನು ಕಳಿಸಿ ಮತ್ತೊಬ್ಬ ಗೆದ್ದುಬಿಟ್ಟ. ಮೇಷ್ಟರುಗಳ ಪೂರ್ಣ ಉತ್ತರ ತಲುಪಿದಾಗ ಹೊತ್ತು ಮೀರಿತ್ತು. ಗೆದ್ದವನು ಒಗಟು ಬಿಡಿಸಿರಲೇ ಇಲ್ಲ! ವಿಲಿಯಮ್ಸ್‌ರ ಹಳೆಯ ಪರಿಚಯದವರ ಕಡೆಯಿಂದ ಅವನಿಗೆ ಸುಳಿವು ಸಿಕ್ಕಿತ್ತೆಂದು 1988ರಲ್ಲಿ ಪತ್ರಿಕೆಯೊಂದು ಬಯಲು ಮಾಡಿತು. ಅದೇ ವರ್ಷ ಮೊಲ 31,900 ಪೌಂಡಿಗೆ ಹರಾಜಾಯಿತು. ಮೇಷ್ಟರುಗಳಿಗೆ ಬಿಡಿಗಾಸೂ ಸಿಗಲಿಲ್ಲ.