ಕಮಲಾದೇವಿಯವರ ಮುಡಿ, ಅಮ್ಮನ ಇಳಕಲ್ ಸೀರೆ

ಇಂಥವರಂತೆ ಉಡಬೇಕು, ಇಂಥವರಂತೆ ಕಾಣಬೇಕು ಎಂಬ ಆಸೆ ಹರೆಯದಲ್ಲಿ ಯಾರಿಗಿಲ್ಲ? ನನ್ನ ಕಾಲೇಜಿನ ಗೆಳತಿಯರಿಗೆ ಆ ಮಾದರಿ ಸಿನಿಮಾ ತಾರೆಯರಲ್ಲಿ ಸಿಗುತ್ತಿತ್ತು. ನನಗೆ ಅದು ಸಿಕ್ಕಿದ್ದು ನಲವತ್ತು ದಾಟಿದ ಮೇಲೆ, ಮುಂಬಯಿಯ ಗ್ರಂಥಾಲಯವೊಂದರಲ್ಲಿ ತೆರೆದ ಹಳೆಯ ಪುಸ್ತಕದ ಪುಟದಲ್ಲಿ. ಅದೊಂದು ಕಪ್ಪು-ಬಿಳುಪು ಛಾಯಾಚಿತ್ರ. ಅಂಚು ಎದ್ದು ಕಾಣುವ ಕೈಮಗ್ಗದ ಸೀರೆ, ಕೊರಳಲ್ಲಿ ದಪ್ಪನೆಯ ಆಭರಣ, ಮುಡಿಯಲ್ಲಿ ಹೂವು. ಕೆಳಗೆ ಹೆಸರು: ಕಮಲಾದೇವಿ ಚಟ್ಟೋಪಾಧ್ಯಾಯ.

ಆ ಚಿತ್ರ ನನ್ನನ್ನು ತಡೆದು ನಿಲ್ಲಿಸಿದ್ದಕ್ಕೆ ಒಂದು ಕಾರಣವಿತ್ತು. ನನ್ನ ಕಪಾಟಿನ ತಳದಲ್ಲಿ ಅಮ್ಮನ ಇಳಕಲ್ ಸೀರೆಯೊಂದು ವರ್ಷಗಳಿಂದ ಮಡಿಕೆ ಬಿಚ್ಚದೆ ಬಿದ್ದಿತ್ತು. ಮುಂಬಯಿಗೆ ಬಂದ ಹೊಸತರಲ್ಲಿ ಅದನ್ನುಟ್ಟು ಕಚೇರಿಗೆ ಹೋಗಿದ್ದೆ. ಸಹೋದ್ಯೋಗಿಯೊಬ್ಬರು ನಗುತ್ತಲೇ, "ಏನು, ಇವತ್ತು ಹಳ್ಳಿಯಿಂದ ನೇರವಾಗಿ ಬಂದಿರಾ?" ಎಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಮರುದಿನದಿಂದ ಆ ಸೀರೆ ಕಪಾಟು ಸೇರಿತು. ಹೊರನಾಡಿಗೆ ಬಂದ ನಮ್ಮಲ್ಲಿ ಅನೇಕರು ಇಂಥದೇನನ್ನಾದರೂ ಒಳಗಿಟ್ಟವರೇ: ಒಂದು ಸೀರೆ, ಒಂದು ಉಚ್ಚಾರ, ಒಂದು ತಿಂಡಿಯ ಡಬ್ಬಿ. ಆ ಚಿತ್ರದ ಹೆಂಗಸು ಮಾತ್ರ ಏನನ್ನೂ ಒಳಗಿಟ್ಟವರಂತೆ ಕಾಣಲಿಲ್ಲ. ಅವರಂತೆ ಉಡಬೇಕೆಂದು ಆ ದಿನವೇ ನಿಶ್ಚಯಿಸಿದೆ. ಅವರು ಹಾಗೇಕೆ ಉಟ್ಟರು ಎಂಬುದನ್ನು ತಿಳಿಯಲು ಹೊರಟಿದ್ದು ಆಮೇಲೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನದಲ್ಲಿ. ತಂದೆ ಉನ್ನತ ಸರಕಾರಿ ಅಧಿಕಾರಿ. ಕಮಲಾದೇವಿ ಇನ್ನೂ ಚಿಕ್ಕವರಿರುವಾಗಲೇ ಅವರು ತೀರಿಕೊಂಡರು. ಉಯಿಲು ಬರೆದಿರಲಿಲ್ಲವಾದ್ದರಿಂದ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯವರಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಆ ಸ್ವಾಭಿಮಾನಿ ಅದನ್ನೂ ನಿರಾಕರಿಸಿದರು. ಕಮಲಾದೇವಿಗೆ ಹದಿನಾಲ್ಕರ ಹರೆಯದಲ್ಲಿ ಮದುವೆಯಾಯಿತು. ಎರಡೇ ವರ್ಷದಲ್ಲಿ ವೈಧವ್ಯ ಬಂತು.

ಈ ಸಂಗತಿಯನ್ನು ಓದಿದ ಮೇಲೆ ಆ ಚಿತ್ರದ ಹೂವು ನನಗೆ ಬೇರೆಯಾಗಿ ಕಾಣತೊಡಗಿತು. ಅಂದಿನ ಮೇಲುಜಾತಿಯ ಮನೆಗಳಲ್ಲಿ ಗಂಡ ಸತ್ತವಳಿಗೆ ಹೂವು, ಕುಂಕುಮ, ಬಳೆ ಎಲ್ಲವೂ ನಿಷಿದ್ಧವಾಗಿದ್ದವು. ಕೆಂಪೋ ಬಿಳಿಯೋ ಒಂದೇ ಬಣ್ಣದ ಸೀರೆ ಬದುಕಿನುದ್ದಕ್ಕೂ ಮೈಮೇಲಿರಬೇಕಿತ್ತು. ಕಮಲಾದೇವಿ ಆ ದಾರಿ ಹಿಡಿಯಲಿಲ್ಲ. ಮದರಾಸಿನಲ್ಲಿ ಓದು ಮುಂದುವರಿಸಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಕುಲೀನ ಮನೆತನದ ಹೆಂಗಸರು ರಂಗ ಹತ್ತಬಾರದೆಂಬ ಕಾಲದಲ್ಲಿ ನಾಟಕಗಳಲ್ಲಿ, ಮೂಕಿ ಚಿತ್ರದಲ್ಲಿ ಅಭಿನಯಿಸಿದರು. ಮುಂದೆ ಆ ದಾಂಪತ್ಯವೂ ವಿಚ್ಛೇದನದಲ್ಲಿ ಮುಗಿಯಿತು. ಮುಡಿಯ ಹೂವು ಮಾತ್ರ ಉಳಿಯಿತು. ಹೂ ಮುಡಿಯುವ ಹಕ್ಕನ್ನು ಹೆಣ್ಣಿಗೆ ಗಂಡನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ಆ ಹೂವು ಹೇಳುವಂತೆ ನನಗೆ ತೋರುತ್ತದೆ. ಇದು ಅವರ ಮಾತಲ್ಲ, ನನ್ನ ಓದು.

1926ರಲ್ಲಿ ಅವರು ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದ ಸಮಯಕ್ಕೆ ಅವರು ನಮ್ಮ ಈ ಮುಂಬಯಿಯಲ್ಲಿದ್ದರು. ಕಾನೂನು ಮುರಿಯುವ ಕೆಲಸಕ್ಕೆ ಹೆಂಗಸರು ಬೇಡವೆಂಬುದು ಗಾಂಧೀಜಿಯವರ ಮೊದಲ ನಿಲುವಾಗಿತ್ತು. ಕಮಲಾದೇವಿ ಅವರನ್ನು ಕಂಡು ವಾದಿಸಿ, ಹೆಂಗಸರಿಗೂ ಸತ್ಯಾಗ್ರಹದಲ್ಲಿ ಸ್ಥಾನ ದೊರಕಿಸಿದರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ಕಾಯಿಸಲು ಮುಂದಾದ ಮೊದಲ ತಂಡದಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ಆ ಉಪ್ಪಿನ ಪೊಟ್ಟಣಗಳನ್ನು ಮಾರಲು ಕಮಲಾದೇವಿ ಷೇರುಪೇಟೆಯೊಳಗೇ ನುಗ್ಗಿದರು, ಸೆರೆಮನೆಗೂ ಹೋದರು. ದಲಾಲ್ ಸ್ಟ್ರೀಟಿನಲ್ಲಿ ನಡೆಯುವಾಗಲೆಲ್ಲ ನನಗೆ ಈ ದೃಶ್ಯ ನೆನಪಾಗುತ್ತದೆ. ಗಂಡಸರೇ ತುಂಬಿದ, ಹಣವೇ ಮಾತಾಡುವ ಜಾಗಕ್ಕೆ ಹಿಡಿ ಉಪ್ಪು ಹಿಡಿದು ಹೋಗಲು ಎಂಥ ಧೈರ್ಯ ಬೇಕು!

ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆಯವರು ಅನೇಕರು ಅಧಿಕಾರದ ಹುದ್ದೆಗಳಿಗೆ ಹೋದರು. ಕಮಲಾದೇವಿ ಮೊದಲು ನಿರಾಶ್ರಿತರ ಕಡೆಗೆ, ಆಮೇಲೆ ಕುಶಲಕರ್ಮಿಗಳ ಕಡೆಗೆ ನಡೆದರು. ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡವರಿಗಾಗಿ ಸಹಕಾರ ಸಂಘ ಕಟ್ಟಿ, ದಿಲ್ಲಿಯ ಹತ್ತಿರದ ಫರೀದಾಬಾದಿನಲ್ಲಿ ಹೊಸ ಊರು ಏಳಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಅಧ್ಯಕ್ಷರಾದರು. ದಿಲ್ಲಿಯ ಕಾಟೇಜ್ ಎಂಪೋರಿಯಂ ನಾಡಿನ ಮೂಲೆಮೂಲೆಯ ಕೈಕೆಲಸಕ್ಕೆ ಪೇಟೆಯಾಗಿ ಬೆಳೆದದ್ದು ಅವರ ದುಡಿಮೆಯಿಂದ.

ಆ ಕಾಲದ ಸಮಸ್ಯೆಯನ್ನು ಹೀಗೆ ಹೇಳಬಹುದು. ಅರಸರ, ಜಮೀನುದಾರರ ಆಶ್ರಯ ಹೋಗಿತ್ತು. ಗಿರಣಿಯ ಬಟ್ಟೆ ಅಗ್ಗವಾಗಿತ್ತು. ಓದಿದ ನಗರವಾಸಿಗಳಿಗೆ ಕೈನೇಯ್ಗೆಯೆಂದರೆ ಹಳ್ಳಿಯವರ ಉಡುಪು. ಕೊಳ್ಳುವವರಿಲ್ಲದೆ ನೇಕಾರ ಮಗ್ಗ ಬಿಟ್ಟರೆ ಅವನ ಮಗನಿಗೆ ಆ ವಿದ್ಯೆ ದಾಟುವುದಿಲ್ಲ. ಶ್ರೀಕಾಳಹಸ್ತಿಯಲ್ಲಿ ಬಿದಿರಿನ ಲೇಖನಿಯಿಂದ ಬಟ್ಟೆಯ ಮೇಲೆ ಬರೆಯುವ ಕಲಂಕಾರಿ ಹೀಗೆಯೇ ಕೊನೆಯುಸಿರೆಳೆಯುತ್ತಿತ್ತು. ಉಳಿದಿದ್ದ ಕೆಲವೇ ಹಿರಿಯರಿಂದ ಹೊಸಬರು ಕಲಿಯುವಂತೆ ಅಲ್ಲೊಂದು ತರಬೇತಿ ಕೇಂದ್ರ ಏರ್ಪಟ್ಟದ್ದರ ಹಿಂದೆ ಕಮಲಾದೇವಿಯವರಿದ್ದರು.

ಅಂದರೆ, ನಾನು ಅಭಿರುಚಿಯೆಂದು ತಿಳಿದದ್ದು ಅವರಿಗೆ ಕೆಲಸವಾಗಿತ್ತು. ಇತರರು ಕೊಳ್ಳಲಿ ಎಂದು ಕೇಳಿದ್ದನ್ನು ಅವರು ಮೊದಲು ತಾವೇ ಉಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು.

ಇಷ್ಟೆಲ್ಲ ಓದಿದ ಮೇಲೂ ನಾನು ಮಾಡಿದ್ದೇನು? ಪ್ರದರ್ಶನವೊಂದಕ್ಕೆ ಹೋಗಿ, ಇಳಕಲ್ ಎಂದು ಮಾರುತ್ತಿದ್ದ ಸೀರೆಯನ್ನು ಬೆಲೆ ಕಡಿಮೆಯೆಂಬ ಸಂತೋಷದಲ್ಲಿ ಕೊಂಡುತಂದೆ. ಬೆಳ್ಳಿಯ ಸರವನ್ನೂ ಕೊಂಡೆ. ಕನ್ನಡಿಯ ಮುಂದೆ ನಿಂತಾಗ ಆ ಚಿತ್ರದ ಹತ್ತಿರಕ್ಕೆ ಬಂದೆನೆನಿಸಿತು. ಆದರೆ ಒಂದು ಭಾನುವಾರ ಅದನ್ನು ಅಮ್ಮನ ಸೀರೆಯ ಪಕ್ಕದಲ್ಲಿ ಹಾಸಿ ನೋಡಿದೆ. ಇಳಕಲ್ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಅಣಿಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅಮ್ಮನ ಸೀರೆಯಲ್ಲಿ ಸೆರಗು ತೊಡಗುವಲ್ಲಿ ಆ ಕೊಂಡಿಗಳ ಸಾಲು ಬೆರಳಿಗೆ ತಾಗುತ್ತಿತ್ತು. ನನ್ನ ಹೊಸ ಸೀರೆಯಲ್ಲಿ ಅದಿರಲಿಲ್ಲ. ಅದು ಯಂತ್ರದ ಮಗ್ಗದಿಂದ ಬಂದ ನಕಲು.

ಸೀರೆಯೂ ಸೇರಿದಂತೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿಯೇ ಬಂದಿದೆ. ಆದರೂ ನಕಲು ಮಾರಾಟವಾಗುವುದು ನನ್ನಂಥ ಗಿರಾಕಿಗಳು ಇರುವುದರಿಂದ. ಕೈಮಗ್ಗದಂತೆ ಕಾಣುವ ಬಟ್ಟೆ ನಮಗೆ ಬೇಕು. ಕೈಗೆ ಕೊಡಬೇಕಾದ ಕೂಲಿ ಬೇಡ. ನಾನು ಅನುಕರಿಸಿದ್ದು ಕಮಲಾದೇವಿಯವರನ್ನಲ್ಲ, ಅವರ ಛಾಯಾಚಿತ್ರವನ್ನು. ಅಂದು ಕಚೇರಿಯಲ್ಲಿ ನಾಚಿದ್ದಕ್ಕಿಂತ ಇಂದು ಹೆಚ್ಚು ನಾಚಿದೆ.

ಈಗ ಸೀರೆ ಕೊಳ್ಳುವುದು ಕಡಿಮೆ. ಕೊಳ್ಳುವಾಗ ಸೆರಗು ಮಗುಚಿ ನೋಡುತ್ತೇನೆ, ಎಲ್ಲಿ ನೇಯ್ದದ್ದು, ಯಾರು ನೇಯ್ದದ್ದು ಎಂದು ಕೇಳುತ್ತೇನೆ. ಉತ್ತರ ಬಾರದಿದ್ದರೆ ಹಿಂದಿರುಗುತ್ತೇನೆ. ಕಳೆದ ತಿಂಗಳು ಅಮ್ಮನ ಸೀರೆಯನ್ನು ಮತ್ತೆ ಕಚೇರಿಗೆ ಉಟ್ಟುಹೋದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಇದು ಯಾವ ಊರಿನ ಸೀರೆ, ಆಂಟಿ?" ಎಂದು ಕೇಳಿದಳು. ಊರಿನ ಹೆಸರು ಹೇಳಿ, ಸೆರಗನ್ನು ಮಗುಚಿ, ಕೊಂಡಿಗಳಿದ್ದ ಜಾಗಕ್ಕೆ ಅವಳ ಬೆರಳು ಮುಟ್ಟಿಸಿದೆ.