ಕೈಮುಗಿದ ಮೂರ್ತಿಯೂ ಕೊರೆದ ಹೆಸರೂ

ನಮ್ಮದು ಬ್ಯಾಡಗಿಯ ಬಡಿಗೇರ ಮನೆತನ. ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋದಾಗೆಲ್ಲ ನಮ್ಮಪ್ಪ ದೇವರಿಗಿಂತ ಮೊದಲು ಕಂಬ ಮುಟ್ಟುತ್ತಿದ್ದ. ‘ಇದನ್ನ ಬರೇ ಕೆತ್ತಿಲ್ಲೋ ತಮ್ಮಾ, ತಿರುವಿ ಕಡದಾರ’ ಎನ್ನುತ್ತಿದ್ದ. ತೊಟ್ಟಿಲ ಕಾಲು ಕಡೆದು ಪಳಗಿದ ಕೈಗೆ ಅದು ಗೊತ್ತಾಗುತ್ತದೆ. ಕಡೆದವರು ಯಾರು ಎಂದು ಕೇಳಿದರೆ ಮಾತ್ರ ಊರವರೆಲ್ಲ ಹೇಳುವ ಹೆಸರನ್ನೇ ಹೇಳುತ್ತಿದ್ದ: ದಂತಕಥೆಯ ಶಿಲ್ಪಿ ಜಕಣಾಚಾರಿ. ವರದಾ–ತುಂಗಭದ್ರೆ ಕೂಡುವ ಗಳಗನಾಥದಲ್ಲಿ ಕೇಳಿ, ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ಕೇಳಿ, ಅದೇ ಉತ್ತರ.

ಆ ಜಕಣಾಚಾರಿಯ ಮುಖ ಎಂದು ಜನ ತೋರಿಸುವುದು ದೂರದ ತುಮಕೂರು ಸೀಮೆಯಲ್ಲಿ. ಕೈದಾಳದ ಚೆನ್ನಕೇಶವ ಗುಡಿಯ ಬಾಗಿಲ ಕಂಬದ ಮೇಲೆ ಕೈಮುಗಿದು ನಿಂತ ಮೂರ್ತಿಯೊಂದಿದೆ. ಅದು ಗುಡಿ ಕಟ್ಟಿಸಿದ ಸಾಮಂತನದಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಕಟ್ಟಿಸಿದವನಿಗೆ ಕಲ್ಲಿನಲ್ಲಿ ಜಾಗ ಸಿಗುತ್ತಿತ್ತು, ಕಟ್ಟಿದವನಿಗೆ ಅಪರೂಪ.

ನಮ್ಮ ಭಾಗದ ಕಲ್ಲುಕುಟಿಗರು ಮಾಡಿದ್ದು ಸಣ್ಣ ಕೆಲಸವಲ್ಲ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. 1050ರ ಹೊತ್ತಿಗೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಬಳಪದ ಕಲ್ಲು ಬಂತು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿ ಗಟ್ಟಿಯಾಗುವ ಕಲ್ಲು. ಕಲ್ಲು ಬದಲಾದಂತೆ ಕೆಲಸವೂ ಬದಲಾಯಿತು: ಕಲ್ಲಿನ ತುಂಡುಗಳು ಚಿಕ್ಕವಾದವು, ಕೆತ್ತನೆ ನವಿರಾಯಿತು, ಕಂಬ ತಿರುಗಣಿ ಏರಿತು. ಹಾವೇರಿ ಗುಡಿಯೂ ಅದೇ ಕಲ್ಲಿನದು. ಅಜ್ಜನ ಕಾಲದ ಪದ್ಧತಿ ಬಿಟ್ಟು ಹೊಸ ಕಲ್ಲಿಗೆ ಉಳಿ ಇಟ್ಟ ಆ ಜನ ತಮ್ಮ ಕಾಲದ ಆಧುನಿಕರು. ಇವತ್ತು ವಾಸ್ತುಶಿಲ್ಪಿಗಳ ಪ್ರತಿಮೆ ನಿಲ್ಲಿಸುತ್ತೇವೆ. ಇವರದು ನಾನೆಲ್ಲೂ ಕಂಡಿಲ್ಲ.

ಹೆಸರು ಉಳಿಸಿಕೊಂಡವರು ಕೆಲವರಿದ್ದಾರೆ. ನಮ್ಮ ಹಿರೇಕೆರೂರಿನ ಪಕ್ಕದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿಗೆ ಹೋದರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮದನಿಕೆಯರ ಬುಡದಲ್ಲಿ ತಮ್ಮ ಹೆಸರು ಕೊರೆದರು. ನನಗೆ ಕೈದಾಳದ ಮೂರ್ತಿಗಿಂತ ಆ ಅಕ್ಷರಗಳೇ ಹೆಚ್ಚು. ಅಲ್ಲಿ ಊರಿದೆ, ಅಪ್ಪನಿದ್ದಾನೆ, ಮಗನಿದ್ದಾನೆ. ಎಲ್ಲವನ್ನೂ ಒಬ್ಬ ಜಕಣಾಚಾರಿಗೆ ಕಟ್ಟಿದರೆ ಇಂಥ ನೂರಾರು ಮನೆತನಗಳು ಅಳಿಸಿಹೋಗುತ್ತವೆ.

ನಿಮ್ಮೂರ ಗುಡಿಯ ಕಲ್ಲಿನ ಮೇಲೆ ಅಕ್ಷರ ಕಂಡರೆ ಸುಣ್ಣ ಬಳಿಯಬೇಡಿ, ಪೇಂಟ್ ಹಚ್ಚಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ, ಓದಿಸಿ.