ಅರಮನೆ ದೀಪ, ಕಪಿಲೆಯ ನೀರು, ಅಜ್ಜಿಯ ಲಾಟೀನು

ಮೊನ್ನೆ ಡಿಸೆಂಬರ್‌ನ ಒಂದು ಭಾನುವಾರ ಊರಿಗೆ ಹೋಗಿದ್ದೆ. ತಾಂಡವಪುರ, ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಸಿಗುತ್ತಲ್ಲ, ಅದೇ. ಅರಮನೆ ದೀಪಾಲಂಕಾರದ ಒಂದು ಒಳ್ಳೆಯ ಫೋಟೋ ತೆಗೆಯಬೇಕೆಂಬುದು ಬಹಳ ದಿನದ ಆಸೆ. ಸಂಜೆ ಕ್ಯಾಮೆರಾ ಹೆಗಲಿಗೇರಿಸಿ ಬೈಕಿನಲ್ಲಿ ಹೊರಟೆ. ಸ್ವೆಟರ್ ಹಾಕ್ಕೊಂಡು ಹೋಗು ಅಂತ ಅಜ್ಜಿ ಹೇಳಿದ್ದನ್ನು ಕೇಳಲಿಲ್ಲ. ಕಡಕೊಳ ದಾಟುವಷ್ಟರಲ್ಲಿ ಕೈಬೆರಳು ಮರಗಟ್ಟಿದ್ದವು :-)

ಸರಿಯಾಗಿ ಏಳು ಗಂಟೆಗೆ ಸುಮಾರು 97 ಸಾವಿರ ಬಲ್ಬುಗಳು ಒಟ್ಟಿಗೇ ಹೊತ್ತಿಕೊಂಡವು. ಸುತ್ತ ನಿಂತಿದ್ದವರೆಲ್ಲ "ಓ..." ಅಂದರು. ನಾನು ಕ್ಯಾಮೆರಾವನ್ನು ಕಟ್ಟೆಯೊಂದರ ಮೇಲಿಟ್ಟು, ಕೈ ನಡುಗಿದರೆ ಕೆಡುತ್ತದೆಂದು ಟೈಮರ್ ಹಾಕಿ, ಮೂರ್ನಾಲ್ಕು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟು ತೆಗೆಯುತ್ತಾ ಹೋದೆ. ಗೋಪುರ, ಕಮಾನು ಎಲ್ಲ ಚೆನ್ನಾಗಿಯೇ ಬಂತು. ಆದರೆ ಆಕಾಶ ಮಾತ್ರ ಕಾಡಿಗೆ ಕಪ್ಪು. ಕಾರಣ ಹೊಳೆದದ್ದು ಆಮೇಲೆ. ಡಿಸೆಂಬರ್‌ನಲ್ಲಿ ಸೂರ್ಯ ಆರು ಗಂಟೆಯ ಹೊತ್ತಿಗೇ ಮುಳುಗುತ್ತಾನೆ, ಏಳಕ್ಕೆಲ್ಲ ಪೂರ್ತಿ ಕತ್ತಲು. ಜೂನ್ ತಿಂಗಳಲ್ಲಾದರೆ ದೀಪ ಹತ್ತುವಾಗ ಆಕಾಶದಲ್ಲಿನ್ನೂ ನೀಲಿ ಉಳಿದಿರುತ್ತದೆ (ಮೋಡ ಬಿಟ್ಟುಕೊಟ್ಟರೆ!). 7.45ಕ್ಕೆ ದೀಪ ಆರಿತು.

ವಾಪಸ್ ಬರುವಾಗ ತಲೆಯೊಳಗೆ ಒಂದು ಪ್ರಶ್ನೆ. ಈ ಬೆಳಕು ಬಂದದ್ದು ಎಲ್ಲಿಂದ?

ಈಗೇನೋ ಗ್ರಿಡ್‌ನಲ್ಲಿ ಯಾವುದು ನೀರಿನ ಕರೆಂಟು, ಯಾವುದು ಕಲ್ಲಿದ್ದಲಿನದು ಅಂತ ಬಿಡಿಸಿ ಹೇಳಲಾಗದು. ಆದರೆ 1908ರಲ್ಲಿ ಮೈಸೂರಿಗೆ ಮೊದಲ ಸಲ ವಿದ್ಯುತ್ ಬಂದಾಗ ಅದು ಬಂದದ್ದು ಶಿವನಸಮುದ್ರದಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಪಾಪ, ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡರು. ಕರೆಂಟು ಹರಿದದ್ದು 1902ರ ಜೂನ್ 30ರಂದು.

ಹರಿದದ್ದು ಎಲ್ಲಿಗೆ ಗೊತ್ತೇ? ಹತ್ತಿರದ ಮೈಸೂರಿಗಲ್ಲ! ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ಉದ್ದದ ಲೈನು ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಸಾಹಸ. ದುಡ್ಡು ಕೊಟ್ಟು ಕರೆಂಟು ಕೊಳ್ಳಲು ಬ್ರಿಟಿಷ್ ಗಣಿ ಕಂಪನಿಗಳು ತಯಾರಿದ್ದವು, ಹಾಗಾಗಿ ಮೊದಲ ಪಾಳಿ ಅವರದು. 1905ರಲ್ಲಿ ಬೆಂಗಳೂರಿನ ಬೀದಿ ದೀಪ. ರಾಜಧಾನಿ ಮೈಸೂರಿನದು ಮೂರನೇ ಪಾಳಿ. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ಯೋಜನೆಯಂತೆ ಹೊಸದು ಏಳುತ್ತಿದ್ದ ಕಾಲವೂ ಅದೇ. ಅದು ಮುಗಿದದ್ದು 1912ರಲ್ಲಿ. ಅಂದರೆ ಅರಮನೆಯೂ ಕರೆಂಟೂ ಜೊತೆಜೊತೆಗೇ ಬೆಳೆದವು.

ಇನ್ನು ಆ ನೀರು. ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರಿ, ತಲಕಾಡಿನ ಮರಳು ಬಳಸಿಕೊಂಡು ಹೋಗಿ ಬೀಳುವುದು ಶಿವನಸಮುದ್ರದಲ್ಲೇ. ನಮ್ಮ ಪಕ್ಕದಲ್ಲೇ ಹರಿದ ನೀರು ಕೋಲಾರದ ಗಣಿ ಬೆಳಗಿತು, ಬೆಂಗಳೂರಿನ ಬೀದಿ ಬೆಳಗಿತು, ಅರಮನೆಯನ್ನೂ ಬೆಳಗಿತು. ಶಾಲೆಯಲ್ಲಿ ಇದನ್ನೆಲ್ಲ ಬಿಡಿಬಿಡಿಯಾಗಿ ಓದಿದ್ದೆ. ಇಂಜಿನಿಯರಿಂಗ್ ಮುಗಿಸಿದ ಮೇಲೂ ಒಂದಕ್ಕೊಂದು ಜೋಡಿಸಿ ನೋಡಿರಲಿಲ್ಲ ನೋಡಿ!

ಮನೆಗೆ ಬಂದು ಅಜ್ಜಿಗೆ ಕ್ಯಾಮೆರಾದಲ್ಲೇ ಫೋಟೋ ತೋರಿಸಿದೆ. ಅಜ್ಜಿ ಮದುವೆಯಾಗಿ ಈ ಮನೆಗೆ ಬಂದದ್ದು 1960ರ ದಶಕದಲ್ಲಿ. ಆಗ ಇಲ್ಲಿ ಲಾಟೀನು, ಬುಡ್ಡಿ ದೀಪ ಅಷ್ಟೇ. ದಿನಾ ಸಂಜೆ ಬೂದಿ ಹಾಕಿ ಲಾಟೀನಿನ ಗಾಜು ಉಜ್ಜುವುದು ಹೊಸ ಸೊಸೆಯ ಕೆಲಸವಾಗಿತ್ತಂತೆ.

"ನಮ್ಮ ಹೊಳೆ ನೀರಲ್ಲೇ ಅಜ್ಜಿ, ಮೊದ್ಲು ಮೈಸೂರಿಗೆ ದೀಪ ಹತ್ತಿದ್ದು" ಅಂದೆ.

ಅಜ್ಜಿ ಸ್ವಲ್ಪ ಹೊತ್ತು ಫೋಟೋ ನೋಡಿ, "ಅಂಗಾರೆ ನಮ್ಮನೆ ಮುಂದ್ಲಿಂದ್ಲೇ ಹೋಗ್ಬುಟ್ಟಿತ್ತು ಅನ್ನು ಮಗ" ಅಂದಳು. ಆಮೇಲೆ, "ಒಂದೇ ಒಂದಪ ದಸರಾಗೆ ನೋಡಿವ್ನಿ, ನಿಮ್ಮ ತಾತ ಕರ್ಕೊಂಡೋಗಿದ್ರು. ರೈಲು ತಪ್ಪೋಯ್ತದೆ ಅಂತ ಪೂರ್ತಿ ನೋಡಕ್ಕೇ ಬುಡ್ನಿಲ್ಲ."

ಜೂನ್‌ನಲ್ಲಿ ಇನ್ನೊಮ್ಮೆ ಹೋಗಬೇಕು, ನೀಲಿ ಆಕಾಶಕ್ಕೆ. ಈ ಸಲ ಬೈಕ್ ಬೇಡ, ಅಜ್ಜಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು.